ಐದು ಡಾಲರಿನ ಟಿಕೆಟ್ಟು, ಹಳದಿ ಸ್ಕೂಟರಿನ ಕ್ಯಾಸೆಟ್ಟು: ಈಚೆಗೆ ಕೇಳಿದ, ನೋಡಿದ ಕೆಲವು ಪಂಕ್ ಮತ್ತು ಇಂಡಿ ಕೃತಿಗಳು

ಈ ಕೆಲವು ತಿಂಗಳುಗಳಲ್ಲಿ ಮತ್ತೆ ಕೇಳಿದ ಆಲ್ಬಂಗಳನ್ನೂ ನೋಡಿದ ಸಾಕ್ಷ್ಯಚಿತ್ರಗಳನ್ನೂ ಒಟ್ಟಿಗಿಟ್ಟು ಯೋಚಿಸಿದಾಗ, ಅವುಗಳನ್ನು ಒಂದುಗೂಡಿಸುವ ಎಳೆ ಸಂಗೀತದ ಶೈಲಿಗಿಂತ ಹೆಚ್ಚಾಗಿ ಬೆಲೆ ಮತ್ತು ಬಾಗಿಲು ಎಂಬ ಎರಡು ಸಂಗತಿಗಳಲ್ಲಿದೆ ಎಂದು ನನಗೆ ಮನವರಿಕೆಯಾಯಿತು. ಹಾಡನ್ನು ಎಷ್ಟಕ್ಕೆ ಮಾರುತ್ತಾರೆ, ಹಾಡುವ ಜಾಗದೊಳಕ್ಕೆ ಯಾರನ್ನು ಬಿಟ್ಟುಕೊಳ್ಳುತ್ತಾರೆ ಎನ್ನುವುದು ವ್ಯವಹಾರದ ವಿಷಯವೆಂದು ನಾವು ಬದಿಗಿಡುತ್ತೇವೆ. ಆದರೆ ಪಂಕ್ ಎಂಬ ಒರಟಾದ, ವೇಗದ ರಾಕ್ ಸಂಗೀತ ಒಳ್ಳೆಯದಾಗಿದ್ದಲ್ಲಿ ಆ ನಿರ್ಧಾರಗಳು ಗಿಟಾರಿನ ನಾದದವರೆಗೂ ಇಳಿದಿರುತ್ತವೆ, ಕಿವಿಗೊಟ್ಟರೆ ಕೇಳಿಸುತ್ತವೆ. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ, ಇನ್ನೂ ಇಪ್ಪತ್ತು ತುಂಬದ ನನ್ನ ಅಕ್ಕನ ಮಗ, “ಮಾವ, ಇದನ್ನೆಲ್ಲ ಎಲ್ಲಿಂದ ಶುರು ಮಾಡಲಿ?” ಎಂದು ಕೇಳಿದ್ದರಿಂದ ಈ ಟಿಪ್ಪಣಿಗಳನ್ನು ಬರೆದಿಡುತ್ತಿದ್ದೇನೆ. ಮುಂಬೈ, ಪುಣೆ, ಗೋವಾಗಳಲ್ಲಿ ಇರುವ ಕನ್ನಡದ ಕೇಳುಗರಿಗೆ ಇವು ಉಪಯೋಗವಾದಾವು ಎಂಬುದು ನನ್ನ ನಂಬಿಕೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಜೆಮ್ ಕೋಹೆನ್ ನಿರ್ದೇಶನದ ‘ಇನ್‌ಸ್ಟ್ರುಮೆಂಟ್’ ಎಂಬ ಸಾಕ್ಷ್ಯಚಿತ್ರ. ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯ ಫುಗಾಜಿ ತಂಡವನ್ನು 1987ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ ಚಿತ್ರೀಕರಿಸಿದ ತುಣುಕುಗಳಿಂದ ಕೋಹೆನ್ ಇದನ್ನು ಕಟ್ಟಿ, 1999ರಲ್ಲಿ ಬಿಡುಗಡೆ ಮಾಡಿದರು. ಸೂಪರ್ 8, 16 ಮಿ.ಮೀ. ಫಿಲ್ಮ್ ಮತ್ತು ವಿಡಿಯೊ, ಈ ಮೂರೂ ಇಲ್ಲಿ ಬೆರೆತಿವೆ. ಕೆಲವು ದೃಶ್ಯಗಳು ಕಾಳುಕಾಳಾಗಿ, ಕತ್ತಲಾಗಿ ಕಾಣುತ್ತವೆ. ಕೆಲವೆಡೆ ದೃಶ್ಯ ಒಂದು ಸಂಗೀತ ಕಛೇರಿಯದಾಗಿದ್ದು ಧ್ವನಿ ಇನ್ನೊಂದರದಾಗಿರುತ್ತದೆ. ಯಾವ ಊರು, ಯಾವ ವರ್ಷ, ಮಾತನಾಡುತ್ತಿರುವವರು ಯಾರು ಎಂಬುದನ್ನು ಚಿತ್ರ ಬಹುಮಟ್ಟಿಗೆ ಹೇಳುವುದೇ ಇಲ್ಲ. ತಂಡದ ಪರಿಚಯವೇ ಇಲ್ಲದೆ ನೋಡಲು ಕುಳಿತವರಿಗೆ ಮೊದಲ ಅರ್ಧ ಗಂಟೆ ದಾರಿ ತಪ್ಪಿದಂತಾಗುವುದು ಸಹಜ. ಇದನ್ನು ನಾನು ಚಿತ್ರದ ದೋಷವೆಂದೇ ಎಣಿಸುತ್ತೇನೆ. ಕಾಲಾನುಕ್ರಮವನ್ನು ಬಿಟ್ಟದ್ದು ಕಲಾತ್ಮಕ ಆಯ್ಕೆಯೆಂದು ಒಪ್ಪಿದರೂ ಅಲ್ಲಲ್ಲಿ ಊರು ಮತ್ತು ವರ್ಷದ ಒಂದು ಸಾಲನ್ನು ತೆರೆಯ ಮೇಲೆ ಹಾಕಿದ್ದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಆದರೂ ಇಷ್ಟು ಪ್ರಾಮಾಣಿಕವಾದ ಸಂಗೀತಚಿತ್ರವನ್ನು ನಾನು ಬೇರೆ ನೋಡಿಲ್ಲ. ಕ್ಯಾಮೆರಾ ವೇದಿಕೆಯ ಮೇಲಿನವರನ್ನು ತೋರಿಸುವಷ್ಟೇ ಶ್ರದ್ಧೆಯಿಂದ ಬಾಗಿಲಲ್ಲಿ ಸಾಲು ನಿಂತವರ ಮುಖಗಳನ್ನು ತೋರಿಸುತ್ತದೆ. ತಂಡದವರನ್ನು ಹೊಗಳುವವರ ಜೊತೆಗೆ, ಇವರು ಮೊದಲಿನಂತಿಲ್ಲ, ಬದಲಾಗಿಬಿಟ್ಟಿದ್ದಾರೆ ಎಂದು ದೂರುವ ಹುಡುಗರ ಮಾತುಗಳನ್ನೂ ಕತ್ತರಿಸದೆ ಇಟ್ಟಿದೆ. ಸಂಕಲನದಲ್ಲಿ ತಂಡದವರೂ ಪಾಲುಗೊಂಡಿದ್ದರು ಎಂಬುದನ್ನು ನೆನೆದರೆ ಈ ನಿಷ್ಪಕ್ಷಪಾತದ ಬೆಲೆ ತಿಳಿಯುತ್ತದೆ. ವೇದಿಕೆಯ ಮುಂದೆ ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡುವ ಯುವಕರನ್ನು ಕಂಡಾಗ ಹಾಡುಗಾರ ಇಯಾನ್ ಮೆಕಾಯ್ ವಾದ್ಯಗಳನ್ನು ನಿಲ್ಲಿಸಿ, ದನಿ ಏರಿಸದೆ, ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತಾರೆ. ಕೇಳದವರಿಗೆ ಟಿಕೆಟ್ಟಿನ ಹಣವನ್ನು ಮರಳಿಸಿ ಹೊರಗೆ ಕಳಿಸುವುದು ತಂಡದ ರೂಢಿಯಾಗಿತ್ತು. ಇನ್ನೊಂದೆಡೆ ಗಿಟಾರಿಸ್ಟ್ ಗೀ ಪಿಚೊಟೊ ಬಾಸ್ಕೆಟ್‌ಬಾಲ್ ಬಳೆಯೊಳಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತಲೇ ಹಾಡುವ ದೃಶ್ಯವಿದೆ. ಕಛೇರಿ ನಡೆಯುತ್ತಿರುವುದು ಒಂದು ಆಟದ ಅಂಗಳದಲ್ಲಿ, ಸಂಗೀತಕ್ಕೆಂದು ಕಟ್ಟಿದ ಜಾಗದಲ್ಲಿ ಅಲ್ಲ ಎಂಬುದನ್ನು ನೋಡುಗರು ಆ ದೃಶ್ಯದಲ್ಲಿ ಗಮನಿಸಬೇಕು.

ಜಾಗದ ಪ್ರಶ್ನೆ ಈ ತಂಡಕ್ಕೆ ಎಲ್ಲಕ್ಕಿಂತ ಮುಖ್ಯವಾಗಿತ್ತು. 1987ರಿಂದ 2002ರವರೆಗೆ ಸಾವಿರಕ್ಕೂ ಹೆಚ್ಚು ಕಛೇರಿಗಳನ್ನು ನಡೆಸಿದ ಫುಗಾಜಿ, ಸಾಧ್ಯವಾದಲ್ಲೆಲ್ಲ ಟಿಕೆಟ್ ದರವನ್ನು ಐದು ಡಾಲರಿನ ಆಸುಪಾಸಿನಲ್ಲೇ ಇರಿಸಿತು, ಮತ್ತು ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕೆಂಬ ಷರತ್ತನ್ನು ಬಿಟ್ಟುಕೊಡಲಿಲ್ಲ. ಮದ್ಯ ಮಾರುವ ಕ್ಲಬ್ಬುಗಳು ಹದಿಹರೆಯದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಚರ್ಚಿನ ಸಭಾಂಗಣ, ಸಮುದಾಯ ಭವನ, ಶಾಲೆಯ ಅಂಗಳಗಳನ್ನು ಅವರು ಹುಡುಕಿಕೊಂಡು ಹೋದರು. ಮೆಕಾಯ್ ಮತ್ತು ಜೆಫ್ ನೆಲ್ಸನ್ 1980ರಲ್ಲಿ ಕಟ್ಟಿದ ಡಿಸ್ಕಾರ್ಡ್ ರೆಕಾರ್ಡ್ಸ್ ಸಂಸ್ಥೆ ತನ್ನ ಧ್ವನಿಮುದ್ರಿಕೆಗಳಲ್ಲಿ ಅಂಚೆ ವೆಚ್ಚವೂ ಸೇರಿದ ಬೆಲೆಯನ್ನು ಅಚ್ಚು ಹಾಕುತ್ತಿತ್ತು. ನಮ್ಮಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಕಾನೂನಿನ ಒತ್ತಾಯದಿಂದ ಮುದ್ರಿಸುವ ಹಾಗೆಯೇ ಅವರು ಯಾರ ಒತ್ತಾಯವೂ ಇಲ್ಲದೆ ಮುದ್ರಿಸಿದರು. ತಂಡದ ಹೆಸರಿನ ಟೀ ಶರ್ಟುಗಳನ್ನು ಅವರು ಎಂದೂ ಮಾರಲಿಲ್ಲ. ಇದನ್ನು ವೈರಾಗ್ಯವೆಂದು ನೋಡುವವರಿದ್ದಾರೆ. ನನಗೆ ಇದು ಕೇಳುಗನ ಮೇಲಿನ ಗೌರವವಾಗಿ ಕಾಣುತ್ತದೆ, ಏಕೆಂದರೆ ಐದು ಡಾಲರಿಗೆ ಬಂದವನಿಗೆ ಅವರು ಕೊಟ್ಟ ಸಂಗೀತದಲ್ಲಿ ಒಂದು ಗುಂಜಿಯಷ್ಟೂ ಉಳಿತಾಯವಿರಲಿಲ್ಲ.

ಆ ಸಂಗೀತವನ್ನು ಕೇಳಲು ಮೊದಲ ಎರಡು ಕಿರುಮುದ್ರಿಕೆಗಳನ್ನು ಒಟ್ಟುಗೂಡಿಸಿ 1989ರಲ್ಲಿ ಹೊರತಂದ ‘13 ಸಾಂಗ್ಸ್’ ಒಳ್ಳೆಯ ಆರಂಭ. ಅದರ ಮೊದಲ ಹಾಡು ‘ವೇಟಿಂಗ್ ರೂಮ್’ ಜೋ ಲಾಲಿಯವರ ಬೇಸ್ ಗಿಟಾರಿನಿಂದ ತೊಡಗಿ, ಡ್ರಮ್ಸ್ ಮತ್ತು ಗಿಟಾರ್ ಸೇರಿಕೊಂಡು, ಅರ್ಧ ನಿಮಿಷ ತುಂಬುವುದಕ್ಕೂ ಮೊದಲೇ ಥಟ್ಟನೆ ನಿಂತುಬಿಡುತ್ತದೆ. ಕೆಲವು ಸೆಕೆಂಡುಗಳ ಪೂರ್ಣ ಮೌನದ ನಂತರ ಅದೇ ಲಯ ಒಂದಿಷ್ಟೂ ಜಾರದೆ ಮತ್ತೆ ಹೊರಡುತ್ತದೆ. ಅಬ್ಬರವೇ ಪಂಕ್ ಎಂದು ನಂಬಿದವರು ಆ ಮೌನವನ್ನು ಕೇಳಬೇಕು. ಅದೇ ಸಂಗ್ರಹದ ‘ಸಜೆಶನ್’ ಎಂಬ ಹಾಡು ಬೀದಿಯಲ್ಲಿ ಗಂಡಸರ ಕಾಟವನ್ನು ಸಹಿಸಬೇಕಾದ ಹೆಣ್ಣಿನ ದನಿಯಲ್ಲಿದೆ. ವೇದಿಕೆಯ ಮುಂದಿನ ಹೊಡೆದಾಟವನ್ನು ತಡೆಯುವ ಅವರ ಹಟಕ್ಕೂ ಈ ಹಾಡಿಗೂ ನೇರ ಸಂಬಂಧವಿದೆ, ಏಕೆಂದರೆ ಆ ಹೊಡೆದಾಟದಿಂದ ಮೊದಲು ಹಿಂದಕ್ಕೆ ಸರಿಯಬೇಕಾಗುತ್ತಿದ್ದವರು ಹೆಣ್ಣುಮಕ್ಕಳು ಮತ್ತು ಚಿಕ್ಕ ಹುಡುಗರು. 1990ರ ‘ರಿಪೀಟರ್’ ಇನ್ನೂ ಬಿಗಿಯಾದ ಆಲ್ಬಂ. ಎರಡು ಗಿಟಾರುಗಳು ಒಂದನ್ನೊಂದು ಮುಚ್ಚದೆ, ಒಂದು ಚೀರಿದಾಗ ಇನ್ನೊಂದು ಹಿಂದೆ ಸರಿದು ಜಾಗ ಕೊಡುತ್ತದೆ. ಅವರ ಕೊನೆಯ ಸ್ಟುಡಿಯೊ ಆಲ್ಬಂ ‘ದಿ ಆರ್ಗ್ಯುಮೆಂಟ್’ 2001ರಲ್ಲಿ ಬಂತು. ಸಾವಧಾನವೂ ಸ್ವರಮಾಧುರ್ಯವೂ ಬೇಕೆನ್ನುವವರು ಅದರಿಂದಲೇ ಆರಂಭಿಸಬಹುದು, ಮತ್ತು ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೃತಿ ಅದೇ.

ಇದಕ್ಕೆ ಜೊತೆಯಾಗಿ ಕೇಳಬೇಕಾದದ್ದು ಮಿನಿಟ್‌ಮೆನ್ ತಂಡದ ‘ಡಬಲ್ ನಿಕಲ್ಸ್ ಆನ್ ದಿ ಡೈಮ್’. ಲಾಸ್ ಏಂಜಲೀಸ್‌ನ ಬಂದರು ಪ್ರದೇಶವಾದ ಸ್ಯಾನ್ ಪೆಡ್ರೊದ ಮೂವರು ಕಾರ್ಮಿಕ ವರ್ಗದ ಯುವಕರು, ಡಿ. ಬೂನ್, ಮೈಕ್ ವಾಟ್ ಮತ್ತು ಜಾರ್ಜ್ ಹರ್ಲಿ, 1984ರಲ್ಲಿ ತಂದ ಈ ಎರಡು ತಟ್ಟೆಗಳ ಆಲ್ಬಮ್ಮಿನಲ್ಲಿ ನಲವತ್ತಕ್ಕೂ ಹೆಚ್ಚು ಹಾಡುಗಳಿವೆ. ಬಹುಪಾಲು ಹಾಡುಗಳು ಎರಡು ನಿಮಿಷ ದಾಟುವುದಿಲ್ಲ. ಮಧ್ಯ ರೈಲ್ವೆಯ ನಿಧಾನ ಗಾಡಿಯಲ್ಲಿ ಮಾಟುಂಗಾ ಬಿಟ್ಟು ಸಾಯನ್ ಮುಟ್ಟುವಷ್ಟರಲ್ಲಿ ಒಂದು ಹಾಡು ಮುಗಿದು ಇನ್ನೊಂದು ಅರ್ಧಕ್ಕೆ ಬಂದಿರುತ್ತದೆ. ಲೋಕಲ್ ಗಾಡಿಯ ಸದ್ದಿನಲ್ಲಿ ಎಷ್ಟೋ ಒಳ್ಳೆಯ ಸಂಗೀತ ಮುಳುಗಿಹೋಗುತ್ತದೆ, ಆದರೆ ಇದು ಮುಳುಗುವುದಿಲ್ಲ. ಡಿ. ಬೂನ್ ತಮ್ಮ ಗಿಟಾರಿನ ಮಂದ್ರಭಾಗವನ್ನು ಬೇಕೆಂದೇ ಕತ್ತರಿಸಿ, ತಗಡಿನಂತೆ ತೆಳುವಾದ ತೀಕ್ಷ್ಣ ನಾದವನ್ನಷ್ಟೇ ಉಳಿಸಿಕೊಂಡದ್ದು ಇದಕ್ಕೆ ಕಾರಣ. ಬೇಸ್ ಗಿಟಾರಿಗೂ ಡ್ರಮ್ಸಿಗೂ ಗಿಟಾರಿನಷ್ಟೇ ಜಾಗ ಸಿಗಬೇಕು, ಮೂವರಲ್ಲಿ ಒಬ್ಬರು ಯಜಮಾನರಾಗಬಾರದು ಎಂಬುದು ಅವರ ವಿಚಾರವಾಗಿತ್ತು. ರಾಜಕೀಯ ನಿಲುವೊಂದು ವಾದ್ಯದ ಗುಂಡಿಯನ್ನು ತಿರುಗಿಸುವಲ್ಲಿಯೂ ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಹಾಡುಗಳ ವಸ್ತುವೂ ಅವರು ದುಡಿದ, ಅಲೆದ ಜಾಗಗಳಿಂದಲೇ ಬಂದದ್ದು. ‘ದಿಸ್ ಏಂಟ್ ನೋ ಪಿಕ್ನಿಕ್’ ಹುಟ್ಟಿದ್ದು, ಕಪ್ಪು ಜನರ ಸಂಗೀತ ಬರುವ ರೇಡಿಯೊ ಕೇಂದ್ರವನ್ನು ಹಾಕಲು ಮೇಲಧಿಕಾರಿ ಬಿಡದ ಒಂದು ಕೆಲಸದ ಅನುಭವದಿಂದ. ‘ಕೊರೋನಾ’ ಎಂಬ ಹಾಡು ಮೆಕ್ಸಿಕೊದ ಕಡಲತೀರದಲ್ಲಿ ಖಾಲಿ ಬಿಯರ್ ಬಾಟಲಿಗಳನ್ನು ಆಯುತ್ತಿದ್ದ ಹೆಂಗಸೊಬ್ಬಳನ್ನು ಕಂಡ ನೆನಪಿನಿಂದ ಬಂದದ್ದು. ಆಲ್ಬಮ್ಮಿನ ನಾಲ್ಕು ಬದಿಗಳಲ್ಲಿ ಮೂರನ್ನು ಮೂವರು ತಮ್ಮ ತಮ್ಮ ಆಯ್ಕೆಯ ಹಾಡುಗಳಿಂದ ತುಂಬಿದರು, ಉಳಿದ ಹಾಡುಗಳನ್ನು ನಾಲ್ಕನೆಯ ಬದಿಗೆ ಹಾಕಿ ಅದಕ್ಕೆ ‘ಹೊಟ್ಟು’ ಎಂಬರ್ಥದ ಹೆಸರಿಟ್ಟರು. ಆ ಹೆಸರಿನಲ್ಲಿ ವಿನಯಕ್ಕಿಂತ ಸತ್ಯವೇ ಹೆಚ್ಚು: ಕೊನೆಯ ಬದಿ ನಿಜಕ್ಕೂ ಉಳಿದವುಗಳಷ್ಟು ಗಟ್ಟಿಯಾಗಿಲ್ಲ, ಮೊದಲ ಸಲ ಕೇಳುವವರು ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು. 1985ರ ಡಿಸೆಂಬರಿನಲ್ಲಿ ವ್ಯಾನ್ ಅಪಘಾತವೊಂದರಲ್ಲಿ ಡಿ. ಬೂನ್ ತೀರಿಕೊಂಡರು. ಅವರಿಗೆ ಆಗ 27 ವರ್ಷ. 2005ರಲ್ಲಿ ಬಂದ ‘ವಿ ಜ್ಯಾಮ್ ಇಕಾನೊ’ ಎಂಬ ಸಾಕ್ಷ್ಯಚಿತ್ರದಲ್ಲಿ ಮೈಕ್ ವಾಟ್ ತಮ್ಮ ಗಾಡಿಯನ್ನು ಓಡಿಸುತ್ತ ಸ್ಯಾನ್ ಪೆಡ್ರೊದ ಬೀದಿಗಳನ್ನು ತೋರಿಸುತ್ತ, ಗೆಳೆಯನ ಬಗ್ಗೆ ಮಾತನಾಡುತ್ತಾರೆ. ಇಪ್ಪತ್ತು ವರ್ಷ ಕಳೆದರೂ ಆ ಮಾತುಗಳಲ್ಲಿ ಗೆಳೆತನ ಒಂದಿಷ್ಟೂ ಹಳತಾಗಿಲ್ಲ. ಚಿತ್ರದಲ್ಲಿ ಇತರ ಸಂಗೀತಗಾರರ ಹೊಗಳಿಕೆಗಳು ಬೇಕಾದ್ದಕ್ಕಿಂತ ಹೆಚ್ಚಾಗಿವೆ, ಅವುಗಳಲ್ಲಿ ಅರ್ಧವನ್ನು ತೆಗೆದು ಇನ್ನೆರಡು ಹಾಡುಗಳನ್ನು ಪೂರ್ಣವಾಗಿ ಸೇರಿಸಬಹುದಿತ್ತು.

ಇವರೆಲ್ಲರಿಗೂ ಮೊದಲು, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಜ್‌ಕಾಕ್ಸ್ ತಂಡ ಮನೆಯವರಿಂದ ಮತ್ತು ಗೆಳೆಯರಿಂದ ಸುಮಾರು ಐನೂರು ಪೌಂಡ್ ಸಾಲ ಮಾಡಿ, 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ನಾಲ್ಕು ಹಾಡುಗಳ ಮುದ್ರಿಕೆಯನ್ನು ತಾವೇ ಹೊರತಂದಿತು. ಯಾವ ಹಾಡನ್ನು ಎಷ್ಟನೆಯ ಪ್ರಯತ್ನದಲ್ಲಿ ಮುದ್ರಿಸಿದ್ದು ಎಂಬುದನ್ನು ಹೊದಿಕೆಯ ಮೇಲೆ ಬರೆದರು. ಸ್ಟುಡಿಯೊದೊಳಗೆ ಗುಟ್ಟು ಏನೂ ಇಲ್ಲ, ನೀವೂ ಮಾಡಬಹುದು ಎಂಬ ಸಂದೇಶ ಅದರಲ್ಲಿತ್ತು. ಅದರ ‘ಬೋರ್ಡಂ’ ಹಾಡಿನಲ್ಲಿ ಎರಡೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸುವ ಗಿಟಾರ್ ಭಾಗವೊಂದಿದೆ. ಒಂದೆರಡು ಸಲ ಕೇಳಿದ ಮೇಲೆ ಅಲ್ಲಿ ಮೂರನೆಯ ಸ್ವರ ಬೇಕೆಂದು ಅನ್ನಿಸುವುದೇ ಇಲ್ಲ.

‘ಪಾಲಿ ಸ್ಟೈರೀನ್: ಐ ಆ್ಯಮ್ ಎ ಕ್ಲೀಷೆ’ ಚಿತ್ರವನ್ನು ನಾನು ಹೆಣ್ಣುಮಕ್ಕಳಿರುವ ಮನೆಗಳಿಗೆ ವಿಶೇಷವಾಗಿ ಹೇಳುತ್ತೇನೆ. ಎಕ್ಸ್-ರೇ ಸ್ಪೆಕ್ಸ್ ತಂಡದ ಹಾಡುಗಾರ್ತಿಯಾಗಿದ್ದ ಪಾಲಿ ಸ್ಟೈರೀನ್ ಅವರ ಮೂಲ ಹೆಸರು ಮೇರಿಯಾನ್ ಜೋನ್ ಎಲಿಯಟ್-ಸೈದ್, ತಂದೆ ಸೊಮಾಲಿಯಾ ಮೂಲದವರು. 1970ರ ದಶಕದ ಲಂಡನ್ನಿನಲ್ಲಿ ಕಂದು ಬಣ್ಣದ ಮೈ, ಹಲ್ಲಿಗೆ ತಂತಿ, ತಾನೇ ಹೊಲಿದ ಬಟ್ಟೆ, ಇವುಗಳೊಂದಿಗೆ ವೇದಿಕೆಯ ನಡುವೆ ನಿಂತ ಆ ಹುಡುಗಿ 1978ರ ‘ಜರ್ಮ್‌ಫ್ರೀ ಅಡೋಲಸೆಂಟ್ಸ್’ ಆಲ್ಬಮ್ಮಿನಲ್ಲಿ ಪ್ಲಾಸ್ಟಿಕ್, ಜಾಹೀರಾತು ಮತ್ತು ಅಂಗಡಿಗಳ ಜಗತ್ತಿನ ಬಗ್ಗೆ ಹಾಡಿದ್ದು ಇಂದಿಗೆ ಇನ್ನೂ ಹೆಚ್ಚು ಹತ್ತಿರವಾಗಿದೆ. ಸ್ಯಾಕ್ಸೊಫೋನ್ ಮತ್ತು ಆ ಏರುದನಿ ಸೇರಿದಾಗ ಹುಟ್ಟುವ ಉಲ್ಲಾಸ ಬೇರೆ ಯಾವ ಪಂಕ್ ತಂಡದಲ್ಲೂ ಇಲ್ಲ. 2021ರ ಈ ಚಿತ್ರವನ್ನು ಅವರ ಮಗಳು ಸೆಲೆಸ್ಟ್ ಬೆಲ್, ಪಾಲ್ ಸಂಗ್ ಅವರೊಡನೆ ಸೇರಿ ನಿರ್ದೇಶಿಸಿದ್ದಾರೆ. ತಾಯಿಯ ಮಾನಸಿಕ ಅಸ್ವಸ್ಥತೆಯನ್ನು ವೈದ್ಯರು ಮೊದಲು ತಪ್ಪಾಗಿ ಗುರುತಿಸಿದ್ದು, ತಾಯಿ ಹರೇ ಕೃಷ್ಣ ಪಂಥಕ್ಕೆ ಸೇರಿದ್ದು, ಆ ಬಾಲ್ಯದಲ್ಲಿ ಮಗಳು ಅನುಭವಿಸಿದ ಅಭದ್ರತೆ, ಇವೆಲ್ಲವನ್ನೂ ಮಗಳು ಮುಚ್ಚಿಡದೆ, ಆದರೆ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸದೆ ಹೇಳುತ್ತಾಳೆ. ತಾಯಿ ಒಳ್ಳೆಯವಳಾಗಿದ್ದಳೇ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿಕೊಳ್ಳುವ ಚಿತ್ರಗಳು ಕಡಿಮೆ. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ವರ್ಣದ್ವೇಷದ ವಿರುದ್ಧ ನಡೆದ ದೊಡ್ಡ ಕಾರ್ಯಕ್ರಮದಲ್ಲಿ ಎಕ್ಸ್-ರೇ ಸ್ಪೆಕ್ಸ್ ಕೂಡ ಹಾಡಿತ್ತು. ಆ ಚಳವಳಿಯ ಬಗ್ಗೆ ಪ್ರತ್ಯೇಕವಾಗಿ ತಿಳಿಯಬೇಕೆನ್ನುವವರಿಗೆ ರುಬಿಕಾ ಶಾ ಅವರ ‘ವೈಟ್ ರಯಟ್’ ಇದೆ. ಅದು ಚುರುಕಾದ, ಉಪಯುಕ್ತ ಚಿತ್ರವೇ ಹೊರತು ಮನಸ್ಸಿನಲ್ಲಿ ಬಹಳ ದಿನ ಉಳಿಯುವಂಥದ್ದಲ್ಲ.

‘ಎ ಬ್ಯಾಂಡ್ ಕಾಲ್ಡ್ ಡೆತ್’ (2012) ಡೆಟ್ರಾಯಿಟಿನ ಮೂವರು ಕಪ್ಪು ಸಹೋದರರ ಕಥೆ. ಹ್ಯಾಕ್ನಿ ಸಹೋದರರಾದ ಡೇವಿಡ್, ಬಾಬಿ ಮತ್ತು ಡ್ಯಾನಿಸ್ 1975ರಲ್ಲೇ, ಪಂಕ್ ಎಂಬ ಹೆಸರು ಜನರ ಬಾಯಿಗೆ ಬರುವ ಮೊದಲೇ, ಅದೇ ಬಗೆಯ ಸಂಗೀತವನ್ನು ಧ್ವನಿಮುದ್ರಿಸಿದ್ದರು. ತಂಡದ ಹೆಸರನ್ನು ಬದಲಾಯಿಸಿದರೆ ಒಪ್ಪಂದ ಮಾಡಿಕೊಳ್ಳುವುದಾಗಿ ಬಂದ ಆಹ್ವಾನವನ್ನು, ತಂದೆಯ ಸಾವಿನ ನಂತರ ಆ ಹೆಸರಿಟ್ಟಿದ್ದ ಡೇವಿಡ್ ಒಪ್ಪಲಿಲ್ಲ. ಅವರು ತಮ್ಮ ಹಣದಿಂದ 500 ಪ್ರತಿಗಳ ಒಂದು ಮುದ್ರಿಕೆಯನ್ನು ತಂದು ಸುಮ್ಮನಾಗಬೇಕಾಯಿತು. ಮೂಲ ಟೇಪುಗಳನ್ನು ಜೋಪಾನವಾಗಿಡು, ಜಗತ್ತು ಇದನ್ನು ಹುಡುಕಿಕೊಂಡು ಬರುತ್ತದೆ ಎಂದು ತಮ್ಮನಿಗೆ ಹೇಳಿದ್ದ ಡೇವಿಡ್ 2000ದಲ್ಲಿ ತೀರಿಕೊಂಡರು, ಆಲ್ಬಂ ಹೊರಬಂದದ್ದು 2009ರಲ್ಲಿ. ಬಾಬಿಯ ಮಕ್ಕಳು ತಂದೆಯ ಹಳೆಯ ಹಾಡನ್ನು ಹೊರಗಿನವರಿಂದ ಕೇಳಿ ತಿಳಿದುಕೊಳ್ಳುವ ಭಾಗದಲ್ಲಿ ನನಗೆ ಕಣ್ಣು ತುಂಬಿ ಬಂತು. ಅಣ್ಣನ ಮಾತನ್ನು ಉಳಿಸಿಕೊಂಡ ತಮ್ಮಂದಿರ ಕಥೆಯಾಗಿ ಇದನ್ನು ಪಂಕ್ ಪರಿಚಯವೇ ಇಲ್ಲದ ಮನೆಯ ಹಿರಿಯರ ಜೊತೆಗೂ ಕುಳಿತು ನೋಡಬಹುದು.

ಇಷ್ಟನ್ನೂ ಅಮೆರಿಕ, ಇಂಗ್ಲೆಂಡುಗಳ ಕಥೆಯೆಂದು ದೂರವಿಡುವ ಅಗತ್ಯವಿಲ್ಲ, ಏಕೆಂದರೆ ಇದೇ ಮನೋಧರ್ಮದ ಒಂದು ಪೂರ್ಣ ಉದಾಹರಣೆ ಗೋವಾದಲ್ಲಿದೆ. ‘ಹಮ್ಮಾ ಹಮ್ಮಾ’ ಹಾಡಿನಿಂದ ದೇಶಕ್ಕೆಲ್ಲ ಪರಿಚಿತರಾದ ರೆಮೊ ಫರ್ನಾಂಡಿಸ್, ಅದಕ್ಕಿಂತ ಹತ್ತು ವರ್ಷ ಮೊದಲು, 1984ರಲ್ಲಿ, ಸಿಯೋಲಿಮ್‌ನ ತಮ್ಮ ಮನೆಯಲ್ಲೇ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಪದರಗಳಲ್ಲಿ ಬೇರೆ ಬೇರೆಯಾಗಿ ಮುದ್ರಿಸಬಲ್ಲ, ಕ್ಯಾಸೆಟ್ ಯಂತ್ರದಲ್ಲಿ, ವಾದ್ಯಗಳನ್ನೂ ದನಿಗಳನ್ನೂ ತಾವೇ ಒಂದರ ಮೇಲೊಂದು ಸೇರಿಸುತ್ತ ‘ಗೋವನ್ ಕ್ರೇಜಿ’ ಎಂಬ ಆಲ್ಬಮ್ಮನ್ನು ರೂಪಿಸಿ, ಹಳದಿ ಸ್ಕೂಟರಿನಲ್ಲಿ ಕ್ಯಾಸೆಟ್ಟುಗಳನ್ನು ಹೇರಿಕೊಂಡು ಅಂಗಡಿ ಅಂಗಡಿಗೆ ತಲುಪಿಸಿದರು. ನಾಲ್ಕೇ ಟ್ರ್ಯಾಕುಗಳ ಮಿತಿ ಆ ಮುದ್ರಿಕೆಯಲ್ಲಿ ಕೇಳಿಸುತ್ತದೆ. ದನಿಗಳು ಇಕ್ಕಟ್ಟಾಗಿ ನಿಂತಿವೆ, ತಾಳವಾದ್ಯಗಳು ಕೆಲವೆಡೆ ಪೇಲವವಾಗಿವೆ. ಆದರೆ ತನ್ನ ಊರಿನ ಬಗ್ಗೆ, ತನ್ನ ಊರಿನ ಜನಕ್ಕೆ, ಯಾರ ಅನುಮತಿಯನ್ನೂ ಕಾಯದೆ ಹಾಡಿದವನ ಆತ್ಮವಿಶ್ವಾಸ ಪ್ರತಿ ಹಾಡಿನಲ್ಲೂ ಇದೆ. ಶೈಲಿಯಲ್ಲಿ ಇದು ಪಂಕ್ ಅಲ್ಲವೇ ಅಲ್ಲ. ಮಾಡಿದ ಬಗೆಯಲ್ಲಿ ಮಾತ್ರ ಬಜ್‌ಕಾಕ್ಸ್ ತಂಡದ ಸಾಲದ ಐನೂರು ಪೌಂಡಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ.

ಗೋವಾದ ಸಂಗೀತಗಾರರು ಮುಂಬೈಗೆ ಬಂದು ಕ್ಲಬ್ಬುಗಳಲ್ಲಿ, ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ದುಡಿದು, ಹೆಸರು ಸಿಗದೆ ಉಳಿದ ಕಾಲವನ್ನು ತಿಳಿಯಲು ಬಾರ್ಡ್ರಾಯ್ ಬಾರೆಟ್ಟೊ ನಿರ್ದೇಶನದ ಕೊಂಕಣಿ ಚಿತ್ರ ‘ನಾಚೊಂಯಾ ಕುಂಪಾಸಾರ್’ ನೋಡಬೇಕು. 62ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕೊಂಕಣಿ ಚಿತ್ರವೆನಿಸಿದ ಇದರಲ್ಲಿ 1960–70ರ ದಶಕಗಳ ಕೊಂಕಣಿ ಹಾಡುಗಳೇ ಕಥೆಯನ್ನು ಮುಂದಕ್ಕೆ ಒಯ್ಯುತ್ತವೆ. ಕರಾವಳಿಯ ಕನ್ನಡಿಗರಿಗೆ ಭಾಷೆ ಅಡ್ಡಿಯಾಗದು. ಉತ್ತರಾರ್ಧದಲ್ಲಿ ಕಥೆ ಸ್ವಲ್ಪ ಎಳೆದಂತಾದರೂ ಹಾಡುಗಾರ್ತಿಯ ಪಾತ್ರದಲ್ಲಿ ಪಾಲೋಮಿ ಘೋಷ್ ಅವರ ಅಭಿನಯ ಕೊನೆಯವರೆಗೆ ಹಿಡಿದಿಡುತ್ತದೆ.

ಮುಂಬೈಯ ಪಂಕ್ ತಂಡಗಳಲ್ಲಿ ದಿ ಲೈಟ್‌ಇಯರ್ಸ್ ಎಕ್ಸ್‌ಪ್ಲೋಡ್ ತಂಡದ ‘ದಿ ರಿವೆಂಜ್ ಆಫ್ ಕಾಲಿಚರಣ್’ (2013) ನಾನು ಈಗಲೂ ಮತ್ತೆ ಮತ್ತೆ ಕೇಳುವ ಆಲ್ಬಂ. ಈ ಮಹಾನಗರದಲ್ಲಿ ಬೆಳೆಯುವ ಹುಡುಗರ ಚಡಪಡಿಕೆ ಅದರಲ್ಲಿ ಸುಳ್ಳಿಲ್ಲದೆ ಬಂದಿದೆ. ದಿ ರಯಟ್ ಪೆಡ್ಲರ್ಸ್ ತಂಡದ್ದು ಇನ್ನೂ ಒರಟಾದ, ನೇರ ರಾಜಕೀಯದ ದನಿ. ಇಂಥ ತಂಡಗಳನ್ನು ಎದುರಿಗೇ ನಿಂತು ಕೇಳುವುದು ಮಾತ್ರ ಹದಿಹರೆಯದವರಿಗೆ ಕಷ್ಟ. ಮಹಾರಾಷ್ಟ್ರದಲ್ಲಿ ಬಿಯರ್ ಕುಡಿಯಲು 21, ಗಟ್ಟಿ ಮದ್ಯಕ್ಕೆ 25 ವರ್ಷ ತುಂಬಿರಬೇಕೆಂಬ ನಿಯಮವಿದೆ. ಇಂಡಿ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ತಂಡಗಳ, ಕಾರ್ಯಕ್ರಮಗಳಲ್ಲಿ ಬಹುಪಾಲು ನಡೆಯುವುದು ಬಾರುಗಳಿರುವ ಜಾಗಗಳಲ್ಲಿ. ಅಕ್ಕನ ಮಗನನ್ನು ಕರೆದುಕೊಂಡು ಹೋದಾಗ ನಗರದ ಒಂದು ಜಾಗದಲ್ಲಿ ಬಾಗಿಲಿನಲ್ಲೇ ಗುರುತಿನ ಚೀಟಿ ನೋಡಿ ಅವನನ್ನು ತಡೆದರು. ಕಾವಲಿನವರ ತಪ್ಪು ಅದರಲ್ಲಿ ಏನೂ ಇರಲಿಲ್ಲ, ಅವರು ಕಾನೂನನ್ನು ಪಾಲಿಸಿದರು. ಆದರೆ ಯಾರ ಬಗ್ಗೆ ಹಾಡುಗಳಿವೆಯೋ ಅವರೇ ಹೊರಗೆ ನಿಲ್ಲುವುದನ್ನು ನೋಡಿದಾಗ ಫುಗಾಜಿಯ ಷರತ್ತು ಎಷ್ಟು ಮೂಲಭೂತವಾದದ್ದು ಎಂದು ನನಗೆ ತಿಳಿಯಿತು. ಅಮೆರಿಕದ ಹುಡುಗರು ಇದಕ್ಕೆ 1980ರಲ್ಲಿ ಕಂಡುಕೊಂಡ ದಾರಿ ಸರಳವಾಗಿತ್ತು: ವಯಸ್ಸು ತುಂಬದವರ ಕೈಯ ಹಿಂಬದಿಯಲ್ಲಿ ದೊಡ್ಡದಾಗಿ ಗುಣಾಕಾರದ ಗುರುತು ಬರೆದರೆ ಬಾರಿನವರು ಅವರಿಗೆ ಮದ್ಯ ಕೊಡುವುದಿಲ್ಲ, ಅವರು ಸಂಗೀತ ಕೇಳಿ ಹೋಗಬಹುದು. ಡಿಸ್ಕಾರ್ಡ್ ಸಂಸ್ಥೆಯ ಮೊದಲ ಮುದ್ರಿಕೆಯ ಹೊದಿಕೆಯಲ್ಲಿ ಆ ಗುರುತಿರುವ ಕೈಗಳ ಚಿತ್ರವೇ ಇದೆ.

ಮುಂಬೈಗೆ ಇದು ಹೊಸ ಕನಸೇನೂ ಅಲ್ಲ. ಧೋಬಿ ತಲಾವಿನ ರಂಗ್ ಭವನ ಎಂಬ ಬಯಲು ರಂಗಮಂದಿರದಲ್ಲಿ 1986ರಿಂದ ‘ಇಂಡಿಪೆಂಡೆನ್ಸ್ ರಾಕ್’ ಉತ್ಸವ ನಡೆಯುತ್ತಿತ್ತು, ಕಾಲೇಜು ಹುಡುಗರು ಅಲ್ಲಿ ಧಾರಾಳವಾಗಿ ಸೇರುತ್ತಿದ್ದರು. ಸುತ್ತಲಿನ ಆಸ್ಪತ್ರೆಗಳ ಕಾರಣದಿಂದ ಆ ಪ್ರದೇಶ ನಿಶ್ಶಬ್ದ ವಲಯವಾದ ಮೇಲೆ ಅಲ್ಲಿ ಸಂಗೀತ ನಿಂತುಹೋಯಿತು. ರೋಗಿಗಳ ನಿದ್ದೆ ದೊಡ್ಡದು, ಆ ನಿರ್ಧಾರವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅದಕ್ಕೆ ಬದಲಿಯಾಗಿ ಮದ್ಯವಿಲ್ಲದ, ಅಗ್ಗದ, ಎಲ್ಲ ವಯಸ್ಸಿನವರಿಗೂ ತೆರೆದಿರುವ ಜಾಗವನ್ನು ನಗರ ಹುಡುಗರಿಗೆ ಕೊಡಲಿಲ್ಲ. ಈ ವಿಷಯದಲ್ಲಿ ನಾವು ಕನ್ನಡಿಗರು ಮಾಡಬಹುದಾದದ್ದು ಇದೆ. 1926ರಲ್ಲಿ ಸ್ಥಾಪನೆಯಾದ ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಸ್ವಂತ ಸಭಾಂಗಣವಿದೆ. ಮುಂಬೈ, ಠಾಣೆ, ಡೊಂಬಿವಲಿ, ಪುಣೆಗಳಲ್ಲಿ ನಮ್ಮ ಸಂಘಗಳು ಯಕ್ಷಗಾನ, ತಾಳಮದ್ದಳೆ, ನಾಟಕಗಳಿಗೆ ಬಳಸುವ ಸಭಾಂಗಣಗಳೂ ಇವೆ. ಫುಗಾಜಿ ಹುಡುಕಿಕೊಂಡು ಹೋದದ್ದು ಇಂಥ ಜಾಗಗಳನ್ನೇ. ತಿಂಗಳಿಗೊಂದು ಸಂಜೆ, ಒಂಬತ್ತು ಗಂಟೆಯೊಳಗೆ ಮುಗಿಯುವಂತೆ, ನೂರು ರೂಪಾಯಿ ಟಿಕೆಟ್ಟಿನಲ್ಲಿ, ಎರಡು ಹೊಸ ತಂಡಗಳಿಗೆ ವೇದಿಕೆ ಕೊಟ್ಟರೆ, ಸಂಘಗಳ ಮೆಟ್ಟಿಲನ್ನು ಈವರೆಗೆ ಹತ್ತದ ನಮ್ಮದೇ ಮಕ್ಕಳು ಬರುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕನ್ನಡದಲ್ಲಿ ಪಂಕ್ ಇದೆಯೇ ಎಂದು ಕೇಳುವವರಿಗೆ, ಅದೇ 1970ರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಚಳವಳಿಯ ಸಭೆಗಳಲ್ಲಿ ಹಾಡುತ್ತಿದ್ದ ಹಾಡುಗಳನ್ನು ನೆನಪಿಸುತ್ತೇನೆ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾದದ್ದು 1975ರಲ್ಲಿ, ಡೆಟ್ರಾಯಿಟಿನ ಆ ಸಹೋದರರು ಧ್ವನಿಮುದ್ರಿಸಿದ ವರ್ಷದಲ್ಲೇ. ಒಂದರ ಪ್ರಭಾವ ಇನ್ನೊಂದರ ಮೇಲೆ ಇರಲಿಲ್ಲ. ಆದರೆ ಹಾಡಲು ಬಾರದವರೂ ದನಿಗೂಡಿಸಬಹುದಾದ ಹಾಡು ಬೇಕು ಎಂಬ ಅರಿವು ಎರಡೂ ಕಡೆ ಇತ್ತು. ಈಚಿನ ತಂಡಗಳಲ್ಲಿ ರಘು ದೀಕ್ಷಿತರ 2008ರ ಮೊದಲ ಆಲ್ಬಂ ಮತ್ತು ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಮುದ್ರಿಕೆ ಇವೆರಡನ್ನೂ ನಾನು ಇಷ್ಟಪಡುತ್ತೇನೆ. ಶಿಶುನಾಳ ಶರೀಫರ ‘ಗುಡುಗುಡಿಯಾ ಸೇದಿ ನೋಡೋ’ ಹಾಡನ್ನು ರಘು ಗಿಟಾರಿನೊಡನೆ ಹಾಡಿದಾಗ ಪದಗಳ ಚುರುಕು ಕಡಿಮೆಯಾಗಿಲ್ಲ. ಇಷ್ಟಾದರೂ ಅವು ಹಬ್ಬದ ಸಂಗೀತ. ಫುಗಾಜಿಯ ಬಿಗಿ, ಮಿನಿಟ್‌ಮೆನ್‌ರ ತೆಳುಗಿಟಾರು ಕನ್ನಡದ ಮಾತಿಗೆ ಸೇರುವುದನ್ನು ನಾನು ಇನ್ನೂ ಕಾಯುತ್ತಿದ್ದೇನೆ.

ಇನ್ನು, ಇವನ್ನು ಪಡೆಯುವ ಬಗೆ. ತಿಂಗಳ ಚಂದಾದ ಸೇವೆಗಳಲ್ಲಿ ಮೇಲಿನ ಆಲ್ಬಂಗಳಲ್ಲಿ ಹಲವು ಸಿಗುತ್ತವೆ. ಸಾಧ್ಯವಿದ್ದವರು ಬ್ಯಾಂಡ್‌ಕ್ಯಾಂಪ್ ಎಂಬ ಸೇವೆಯಿಂದ ಕೊಳ್ಳಬೇಕೆಂಬುದು ನನ್ನ ಸಲಹೆ. ಅಲ್ಲಿ ಕಲಾವಿದರೇ ಬೆಲೆ ನಿಗದಿ ಮಾಡುತ್ತಾರೆ, ಕೊಳ್ಳುವವರು ಇಚ್ಛೆಯಿದ್ದರೆ ಹೆಚ್ಚು ಕೊಡಬಹುದು. ಡಿಜಿಟಲ್ ಮಾರಾಟದಲ್ಲಿ ಸೇವೆಯ ಪಾಲು ಶೇ 15, ಹಣ ಪಾವತಿಯ ಶುಲ್ಕ ಕಳೆದು ಉಳಿದದ್ದು ಹಾಡಿದವರಿಗೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಕಛೇರಿಗಳು ನಿಂತಾಗ, ತನ್ನ ಪಾಲನ್ನು ಪೂರ್ತಿ ಬಿಟ್ಟುಕೊಡುವ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಎಂಬ ಶುಕ್ರವಾರಗಳನ್ನು ಅದು ಆರಂಭಿಸಿತು. ಡಿಸ್ಕಾರ್ಡ್ ಸಂಸ್ಥೆಯ ಮುದ್ರಿಕೆಗಳು ಅಲ್ಲಿವೆ. ಫುಗಾಜಿಯ ನೂರಾರು ಕಛೇರಿಗಳ ನೇರ ಧ್ವನಿಮುದ್ರಣಗಳನ್ನು ಡಿಸ್ಕಾರ್ಡ್ 2011ರಿಂದ ತನ್ನದೇ ಜಾಲತಾಣದಲ್ಲಿ ಮಾರುತ್ತಿದೆ. ಸೂಚಿಸಿದ ಬೆಲೆ ಅಲ್ಲೂ ಐದು ಡಾಲರ್, ಒಂದು ಡಾಲರ್ ಕೊಟ್ಟವರಿಗೂ ಅದೇ ಧ್ವನಿಮುದ್ರಣ. ಬ್ಯಾಂಡ್‌ಕ್ಯಾಂಪ್ ಬಗ್ಗೆ ನನ್ನ ಒಂದೇ ಆತಂಕ ಅದರ ಒಡೆತನದ್ದು. 2022ರಲ್ಲಿ ಅದನ್ನು ವಿಡಿಯೊ ಗೇಮ್ ಕಂಪನಿಯಾದ ಎಪಿಕ್ ಗೇಮ್ಸ್ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್‌ಗೆ ಮಾರಿತು, ಆಗ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಸೇವೆ ಈಗಲೂ ಚೆನ್ನಾಗಿ ನಡೆಯುತ್ತಿದೆ, ಆದರೆ ಒಡೆಯರು ಬದಲಾಗುತ್ತಿರುವ ಜಾಗದಲ್ಲಿ ನಮ್ಮ ಸಂಗ್ರಹವನ್ನು ಬಿಟ್ಟಿಡುವುದು ಸರಿಯಲ್ಲ. ಆದ್ದರಿಂದ ಕೊಂಡ ದಿನವೇ ಹಾಡುಗಳನ್ನು ಫ್ಲ್ಯಾಕ್ ಎಂಬ, ಧ್ವನಿಯ ಗುಣಮಟ್ಟ ಕಳೆಯದ ಕಡತರೂಪದಲ್ಲಿ ಇಳಿಸಿಕೊಂಡು ಒಂದು ಹಾರ್ಡ್ ಡಿಸ್ಕಿನಲ್ಲಿ, ಅದರ ಪ್ರತಿಯೊಂದನ್ನು ಇನ್ನೊಂದರಲ್ಲಿ ಇಟ್ಟುಕೊಳ್ಳಿ.